ದಾಯಂ ನಾಸೂರ

ಹಾಲು ತಳ ಹತ್ತಿದ ಪಾತ್ರೆಯನ್ನು ಚಮಚದಿಂದ ಕೆರೆದರೆ ಬರುತ್ತದಲ್ಲ, ಆ ಸದ್ದು. ಕರ್, ಕರ್, ಕರ್. ನಡುವೆ ಬಾಯಿಂದ ಒಮ್ಮೆ ಫೂ ಅಂತ ಊದಿದ್ದು. ಮತ್ತೆ ಕರ್. ತೊಂಬತ್ತರ ದಶಕದ ನಡುವಿನಿಂದ ಎಷ್ಟೋ ವರ್ಷ ಹುಮನಾಬಾದಿನ ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಹೊತ್ತಿಗೆ ಹಿತ್ತಲ ಪಡಸಾಲೆಯಿಂದ ಅದು ಶುರುವಾಗುತ್ತಿತ್ತು. ನನ್ನ ಹಲ್ಲಿನ ಬೇರಿನಲ್ಲಿ ಜುಮ್ಮೆನ್ನುತ್ತಿತ್ತು. ಈಗಲೂ ಯಾರಾದರೂ ಕಡಾಯಿ ತಿಕ್ಕಿದರೆ ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿಬಿಡುತ್ತೇನೆ.

ಸದ್ದು ಮಾಡುತ್ತಿದ್ದವಳು ನನ್ನ ನಾದಿನಿ, ನಮ್ಮ ಮನೆಯವರ ತಂಗಿ. ನನಗಿಂತ ಸ್ವಲ್ಪ ಚಿಕ್ಕವಳು, ಮದುವೆಯಾಗದವಳು. ಹೈದರಾಬಾದಿನ ಒಂದು ಮ್ಯೂಸಿಯಮ್ಮಿನಲ್ಲಿ ಡೈನಾಸೂರಿನ ಸೆಕ್ಷನ್ನಿನಲ್ಲಿ ನೌಕರಿ ಮಾಡಿದವಳು. ಗೋದಾವರಿ ಕಡೆಯ ಕಾಡಿನಿಂದ ಎಲುಬುಗಳು ಕಲ್ಲಿನೊಳಗೆ ಸಿಕ್ಕಿಕೊಂಡೇ ಬರುತ್ತಿದ್ದವಂತೆ. ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಕೊಕ್ಕೆ ಕಡ್ಡಿಯಿಂದ ಕೆರೆದು ಕೆರೆದು ಕಲ್ಲನ್ನು ಬಿಡಿಸಿ ಎಲುಬನ್ನು ಉಳಿಸುವುದು ಇವಳ ಕೆಲಸ. ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು ತವರಿಗೆ ಬಂದ ಮೇಲೂ ಅವಳ ಹಳೆಯ ಸಾಹೇಬರು ಕಟ್ಟಿಗೆಯ ಡಬ್ಬಿಗಳಲ್ಲಿ ಚೂರುಗಳನ್ನು ಬಸ್ಸಿನ ಪಾರ್ಸೆಲ್ ಮಾಡಿ ಕಳಿಸುತ್ತಿದ್ದರು. ಅಷ್ಟು ತಾಳ್ಮೆ ಇದ್ದವರು ಬೇರೆ ಯಾರೂ ಸಿಕ್ಕಿರಲಿಲ್ಲವಂತೆ.

ಒಳ್ಳೆಯ ಎಲುಬು ಬರುತ್ತಿತ್ತೇ? ಇಲ್ಲ. ಒಳ್ಳೆಯವು ಮ್ಯೂಸಿಯಮ್ಮಿನ ಹಾಲಿನಲ್ಲಿ ನಿಲ್ಲುತ್ತವೆ, ಶಾಲೆಯ ಮಕ್ಕಳು ಬಾಯಿ ತೆರೆದು ನೋಡಲಿಕ್ಕೆ. ಮುರಿದು ವಾರೆಯಾಗಿ ಕೂಡಿದ್ದು, ಕೊಳೆತದ್ದು, ಗಂಟು ಬಿದ್ದದ್ದು ಇವೆಲ್ಲ ಗೋದಾಮಿಗೆ. ಗೋದಾಮಿನದು ನಮ್ಮ ಮನೆಗೆ.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ವಾರಕ್ಕೊಮ್ಮೆ ಸಿಸ್ಟರ್ ನಮ್ಮ ಉಗುರು, ಕಿವಿಯ ಹಿಂದೆ, ಕರ್ಚೀಫು, ಎಲ್ಲ ಇನ್‌ಸ್ಪೆಕ್ಟ್ ಮಾಡುತ್ತಿದ್ದರು. ಮದುವೆಯಾಗಿ ತೊಗರಿ ವ್ಯಾಪಾರದ ಈ ಮನೆಗೆ ಬಂದೆ, ಬಸವಕಲ್ಯಾಣದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಆದೆ, ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಬಸ್ಸಿನ ಸೀಟನ್ನೂ ಒರೆಸಿ ಕೂಡುವವಳು ನಾನು. ಅಂಥವಳ ಮನೆಯ ಪಡಸಾಲೆಯಲ್ಲಿ, ರೊಟ್ಟಿಯ ಹಿಟ್ಟಿನ ಡಬ್ಬಿಯಿಂದ ನಾಲ್ಕು ಹೆಜ್ಜೆಗೆ, ಗೋಣಿತಟ್ಟಿನ ಮೇಲೆ ರೋಗದ ಎಲುಬುಗಳು.

ಒಂದು ಪಕ್ಕೆಲುಬಿತ್ತು. ಜೀವ ಇದ್ದಾಗಲೇ ಮುರಿದು ಕೂಡಿದ್ದು. ಕೂಡಿದಲ್ಲಿ ಹಸಿಶುಂಠಿಯ ಹಾಗೆ ಗಂಟುಗಂಟು. ಬಾಲದ ಮಣಿಗಳು ಎರಡು, ಬಿಸಿಲಿಗೆ ಕರಗಿ ಒಂದಕ್ಕೊಂದು ಅಂಟಿದ ಬೆಲ್ಲದ ಉಂಡೆಯ ಹಾಗೆ. ಮೂರನೆಯದು ಕಾಲಿನ ಎಲುಬಿನ ತುಂಡು, ನಮ್ಮ ಒಳಕಲ್ಲಿನ ಗುಂಡಿನಷ್ಟು ದಪ್ಪ. ಅದರ ಪಕ್ಕದಲ್ಲಿ ಒಂದು ತೂತು. ತೂತಿನ ಅಂಚು ಬಚ್ಚಲ ಮೋರಿಯ ಬಾಯಿಯ ಹಾಗೆ ನುಣ್ಣಗೆ, ದುಂಡಗೆ, ಉಬ್ಬಿಕೊಂಡಿತ್ತು.

“ಇದು ಕೀವು ಹೊರಗ ಬಂದ ದಾರಿ ವೈನಿ,” ಅಂದಳು ನಾದಿನಿ, ತನ್ನ ಕಿರುಬೆರಳನ್ನು ಅದರೊಳಗೆ ಹಾಕಿ. “ಒಳಗ ಎಲುಬು ಸತ್ತದ, ಕೊಳತದ. ಅದಕ್ಕ ಹೊರಗ ಹೋಗಾಕ ಬಾಗಲಾ ಬೇಕಲ್ಲ. ನೀ ಬೆರಳ ಹಾಕಿ ನೋಡು.”

“ಥೂ. ನಾ ಈಗ ರೊಟ್ಟಿ ಬಡೀಬೇಕು.”

“ಕಲ್ಲಾಗ್ಯಾದ ಮಾರಾಯ್ತಿ. ಕೋಟಿಗಟ್ಟಲೆ ವರ್ಷ ಆಗ್ಯಾವ. ಕೀವು ಇನ್ನೂ ಹಸೀ ಇರ್ತದೇನು?”

“ನಿನ್ನ ಕಣ್ಣಿಗೆ ಕಲ್ಲು. ನನ್ನ ಕಣ್ಣಿಗೆ ಹಸೀನ ಅದ.”

ಸುಳ್ಳಲ್ಲ. ಕಲ್ಲಿಗೆ ವಾಸನೆ ಇರುವುದಿಲ್ಲ ಅಂತ ನನಗೂ ಗೊತ್ತು, ಸೈನ್ಸ್ ಕಲಿಸಿದವಳು. ಆದರೂ ಆ ತೂತು ನೋಡಿದ ಕೂಡಲೇ ಮೂಗಿಗೆ ಬಂದೇಬಿಡುತ್ತಿತ್ತು. ಯಾಕೆಂದರೆ ಅಂಥದ್ದೇ ಒಂದು ತೂತನ್ನು ನಾನು ಮದುವೆಯಾಗಿ ಬಂದ ವರ್ಷದಿಂದ ಬಲ್ಲೆ. ಅದು ಇದ್ದದ್ದು ನಾದಿನಿಯ ಬಲಗಾಲಿನಲ್ಲಿ.

ಅವಳು ಒಂಬತ್ತು ವರ್ಷದವಳಿದ್ದಾಗ ಬೇಮಳಖೇಡದ ಅಜ್ಜಿಯ ಮನೆಯಿಂದ ಬರುವ ದಾರಿಯಲ್ಲಿ ಬಂಡಿಯಿಂದ ಬಿದ್ದಳಂತೆ. ಗಾಲಿ ಮೊಣಕಾಲ ಕೆಳಗೆ ಹಾಯಿತು. ಎಲುಬು ಚರ್ಮ ಹರಿದು ಹೊರಗೆ ಬಂತು. ಅದನ್ನು ಒಳಗೆ ಒತ್ತಿ, ಸೊಪ್ಪು ಅರೆದು ಮೆತ್ತಿ, ಬಿದಿರ ದಬ್ಬೆ ಕಟ್ಟಿದರು. ಎಲುಬು ಕೂಡಿತು, ಹೊಲಸು ಒಳಗೇ ಉಳಿಯಿತು. ಅಂದಿನಿಂದ ಅಲ್ಲೊಂದು ಬಾಯಿ. ಮಾಯುತ್ತದೆ, ಎರಡು ವರ್ಷ ಸುಮ್ಮನಿರುತ್ತದೆ, ಮತ್ತೆ ತೆರೆಯುತ್ತದೆ. ತೆರೆದಾಗ ಒಮ್ಮೊಮ್ಮೆ ಕೀವಿನ ಜೊತೆ ಅಕ್ಕಿಕಾಳಿನಷ್ಟು ಎಲುಬಿನ ಚೂರು ಬರುತ್ತದೆ. ಆ ಚೂರುಗಳನ್ನು ಅವಳು ತೊಳೆದು, ಒಣಗಿಸಿ, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಳು. ನಾನು ಒಮ್ಮೆ ದೀಪ ಹಚ್ಚಲಿಕ್ಕೆ ಆ ಪೊಟ್ಟಣವನ್ನು ಎತ್ತಿಕೊಂಡು ತೆರೆದಿದ್ದೇನೆ. ಮುಂದಿನದು ಹೇಳುವುದಿಲ್ಲ.

ನಮ್ಮ ಕಡೆ ಇಂಥ ಮಾಯದ, ಸೋರುವ ಹುಣ್ಣಿಗೆ ನಾಸೂರ ಅನ್ನುತ್ತಾರೆ. ಉರ್ದು ಮಾತು, ನಿಜಾಮನ ಕಾಲದಲ್ಲಿ ಬಂದು ನಾಲಿಗೆಯಲ್ಲಿ ಕೂತದ್ದು. ಆದರೆ ನಮ್ಮ ಮನೆಯಲ್ಲಿ ಆ ಮಾತನ್ನು ಆಡುವ ಹಾಗಿರಲಿಲ್ಲ. ಕೇಳಿದವರಿಗೆ “ಸಣ್ಣಾಕಿದ್ದಾಗ ಕಾಲು ಉಳುಕ್ಯಾದ” ಅಂತ ಹೇಳಬೇಕು. ಹೆಣ್ಣು ನೋಡಲಿಕ್ಕೆ ಯಾರಾದರೂ ಬಂದರೆ ಅವಳನ್ನು ಮೊದಲೇ ಚಾಪೆಯ ಮೇಲೆ ಕೂಡಿಸಿಬಿಡುತ್ತಿದ್ದರು, ನಡೆದು ಬರುವುದು ಬೇಡ ಅಂತ. ಆಮೇಲೆ ನಮ್ಮ ಅತ್ತೆ ಚಂದನದ ಊದುಬತ್ತಿಯ ಕಟ್ಟು ಪೂರಾ ಹಚ್ಚಿ ಮೂಲೆಮೂಲೆಗೆ ಸಿಕ್ಕಿಸುತ್ತಿದ್ದರು. ಹೊಸ ಸೊಸೆಯಾಗಿ ನಾನು ಚಹಾದ ಟ್ರೇ ಹಿಡಿದುಕೊಂಡು ಆ ಹೊಗೆಯಲ್ಲಿ ನಿಂತಿದ್ದೇನೆ. ಚಂದನ, ಅದರ ಅಡಿಯಲ್ಲಿ ಕೀವು. ಇವತ್ತಿಗೂ ದೇವರ ಮನೆಯಲ್ಲಿ ನಾನು ಬರೀ ಎಣ್ಣೆಯ ದೀಪ ಹಚ್ಚುವವಳು. ಊದುಬತ್ತಿಯ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ, ಮಾಣಿಕನಗರದ ಗುಡಿಯ ಮುಂದಿನ ಅಂಗಡಿ ಸಾಲಿನಲ್ಲಿ ಕೂಡ ಸೆರಗು ಮೂಗಿಗೆ ಒತ್ತಿಕೊಂಡೇ ನಡೆಯುತ್ತೇನೆ. ಜನ ನನ್ನನ್ನು ಸೊಕ್ಕಿನವಳು ಅಂದುಕೊಂಡಿದ್ದಾರೆ.

ಬಂದವರು ಮೂಸಿದರು, ಹೋದರು. ಕೊನೆಗೆ ನನ್ನ ಮಾವನವರು ಬೇಸತ್ತು ಮಗಳನ್ನು ಹೈದರಾಬಾದಿಗೆ ಓದಲಿಕ್ಕೆ ಕಳಿಸಿದರು. ಅಲ್ಲಿ ನೌಕರಿಯಾಯಿತು. ಮನೆಗೆ ಬಂದು ಅವ್ವನಿಗೆ ಹೇಳಿದಳಂತೆ, “ಅವ್ವಾ, ನಂಗ ಡೈನಾಸೂರ್ ಸೆಕ್ಷನ್ನಿನಾಗ ಕೆಲಸ ಸಿಕ್ಕದ.” ಅವ್ವನ ಮುಖ ಬಾಡಿ ಇಷ್ಟಾಯಿತಂತೆ. ಯಾಕೆ ಅಂತ ಆಗ ಯಾರಿಗೂ ತಿಳಿಯಲಿಲ್ಲ. ಊರವರಿಗೆ ಅತ್ತೆ ಮಗಳು ಬ್ಯಾಂಕಿನಲ್ಲಿ ಇದ್ದಾಳೆ ಅಂತಲೇ ಹೇಳಿಕೊಂಡು ಬಂದರು.

ಗುಟ್ಟು ಬಿಚ್ಚಿದ್ದು ಇಪ್ಪತ್ತು ವರ್ಷದ ಮೇಲೆ, ಡೈನಾಸೂರಿನ ಆ ಪರದೇಶದ ಸಿನಿಮಾ ಹಿಂದಿಯಲ್ಲಿ ಬಂದ ಕಾಲಕ್ಕೆ. ಸಿನಿಮಾ ನೋಡದ ಮಕ್ಕಳಿಗೂ ಅದರ ಹುಚ್ಚು. ಮಾಣಿಕನಗರದ ಅಂಗಡಿಗಳಲ್ಲಿ ಹಸಿರು ಪ್ಲಾಸ್ಟಿಕ್ಕಿನ ಡೈನಾಸೂರುಗಳು ತೂಗಾಡುತ್ತಿದ್ದವು. ಒಂದು ಸಂಜೆ ನಮ್ಮ ಓಣಿಯ ಮಕ್ಕಳು ಅವುಗಳನ್ನು ಹಿಡಿದು “ಡೈನಾಸೂರ್ ಬಂತು, ಡೈನಾಸೂರ್ ಬಂತು” ಅಂತ ನಮ್ಮ ಕಟ್ಟೆಯ ಮುಂದೆ ಓಡಾಡುತ್ತಿದ್ದವು. ಒಳಗಿನಿಂದ ನಮ್ಮ ಅತ್ತೆ, ಎಪ್ಪತ್ತು ದಾಟಿದವರು, ಕಸಬರಿಗೆ ಹಿಡಿದು ಹೊರಗೆ ಬಂದರು.

“ಯಾರ ಮನಿ ಮುಂದ ಏನ್ ಅನ್ನಾಕತ್ತೀರಿ? ನಿಮ್ಮ ಮನ್ಯಾಗ ಆಗಲಿ ಅದು. ನಿಮ್ಮ ಅವ್ವನ ಕಾಲಿಗೆ ಆಗಲಿ.”

ಮಕ್ಕಳು ದಿಕ್ಕಾಪಾಲು. ನಾನೂ ನಾದಿನಿಯೂ ಓಡಿಬಂದು ಅವರನ್ನು ಕೂಡಿಸಿದೆವು. ಅತ್ತೆ ಏದುಸಿರು ಬಿಡುತ್ತಿದ್ದರು.

“ಓಣ್ಯಾಗ ಹ್ಯಾಂಗ ಗೊತ್ತಾತ ಇವಕ್ಕ? ನೀನ ಹೇಳಿದೇನು?” ಅಂತ ನನ್ನನ್ನು ಕೇಳಿದರು.

“ಏನ್ರಿ ಅತ್ತಿ?”

“ಅದ. ದಾಯಂ ನಾಸೂರ.”

ಅತ್ತೆ ಚಿಕ್ಕವರಿದ್ದಾಗ ಉರ್ದು ಓದಿದವರು. ದಾಯಂ ಅಂದರೆ ಸದಾಕಾಲ ಇರುವಂಥದ್ದು. ದಾಯಂ ನಾಸೂರ, ಅಂದರೆ ಎಂದೆಂದಿಗೂ ಮಾಯದ ಹುಣ್ಣು. ಮಗಳು ಡೈನಾಸೂರ್ ಅಂದದ್ದು ಇವರ ಕಿವಿಗೆ ಹಾಗೆ ಬಿದ್ದಿತ್ತು. ಇಂಥ ಹುಣ್ಣು ಇದ್ದವರಿಗಂತಲೇ ಸರ್ಕಾರ ಹೈದರಾಬಾದಿನಲ್ಲಿ ಒಂದು ಆಫೀಸು ತೆರೆದಿದೆ, ಎಲ್ಲರನ್ನೂ ಒಂದೇ ಕಡೆ ಕೂಡಿಸಿ ಏನೋ ಕೆಲಸ ಕೊಟ್ಟಿದೆ, ಪುಣ್ಯ ಬರಲಿ ಸರ್ಕಾರಕ್ಕೆ, ಆದರೆ ಊರಿಗೆ ತಿಳಿಯಬಾರದು. ಇಪ್ಪತ್ತು ವರ್ಷ ಇದನ್ನೇ ನಂಬಿಕೊಂಡು ಕೂತಿದ್ದರು.

ನಾದಿನಿ ನಕ್ಕಳು ನೋಡಿ. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಮಾತ್ರ, ಕರೆಕ್ಟ್ ಮಾಡದೆ ಬಿಡುವ ಟೀಚರ್ ಅಲ್ಲವಲ್ಲ, ಶಾಲೆಯ ಲೈಬ್ರರಿಯಿಂದ ಚಿತ್ರದ ಪುಸ್ತಕ ತಂದು ಅತ್ತೆಯ ಮುಂದೆ ಬಿಚ್ಚಿದೆ. ಉದ್ದ ಕುತ್ತಿಗೆಯ ಪ್ರಾಣಿ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಈ ಹಲ್ಲಿಯಂಥಾದ್ದಕ್ಕ ನಾಸೂರ ಆಗ್ಯಾದೇನು?”

ನಾನು ಬಾಯಿ ತೆರೆಯುವುದರೊಳಗೆ ನಾದಿನಿ ಹೇಳಿಬಿಟ್ಟಳು, “ಹೌದವ್ವಾ. ಕಾಲಿಗೆ ಆಗ್ಯಾದ. ಎಲುಬು ಇಲ್ಲೇ ಅದ, ತೋರಸ್ಲೇನು?”

ಮುಗಿಯಿತು ನನ್ನ ಪಾಠ. ಆಮೇಲೆ ಒಳಗೆ ಬಂದು ಅವಳನ್ನು ಬೈದೆ. ಅವಳು ಕಣ್ಣೊರೆಸಿಕೊಂಡು, “ಆಕಿ ಹೇಳೂದು ತಪ್ಪೇನದ ವೈನಿ? ನಾ ಇಷ್ಟ ವರ್ಷ ಕೂತಿದ್ದು ನಾಸೂರಿನ ಆಫೀಸಿನಾಗ,” ಅಂದಳು.

ಎರಡು ಸಾವಿರದ ಇಸವಿ ದಾಟಿತ್ತು. ಆ ಸಲ ಹುಣ್ಣು ತೆರೆದದ್ದು ಮುಚ್ಚಲಿಲ್ಲ. ಮನೆಯಲ್ಲಿ ಡ್ರೆಸ್ಸಿಂಗ್ ಮಾಡುವವಳು ನಾನೇ. ಬೇರೆ ಯಾರಿಗೂ ಕೈ ಬರುತ್ತಿರಲಿಲ್ಲ, ಅಂದರೆ ಯಾರೂ ಕೈ ಹಾಕುತ್ತಿರಲಿಲ್ಲ. ಬಸವಕಲ್ಯಾಣದಿಂದ ಬಂದು, ಸೀರೆ ಬದಲಿಸಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂಡುತ್ತಿದ್ದೆ. ಪ್ರೀತಿ ಇದ್ದರೆ ಹೇಸಿಗೆ ಬರುವುದಿಲ್ಲ ಅನ್ನುವ ಜನ ಇದ್ದಾರೆ. ಅವರು ಯಾವತ್ತೂ ಡ್ರೆಸ್ಸಿಂಗ್ ಮಾಡಿದವರಲ್ಲ. ನನಗೆ ಪ್ರತಿ ಸಲ ಹೇಸಿಗೆ ಬಂದಿದೆ. ಬಟ್ಟೆಯ ಪಟ್ಟಿ ಅಂಟಿಕೊಂಡಿರುತ್ತಿತ್ತು, ಬಿಸಿನೀರಿನಲ್ಲಿ ನೆನೆಸಿ ಎಳೆಯಬೇಕು, ಎಳೆದಾಗ ಬರುವ ಹಳದಿ ದಾರ, ಆಮೇಲೆ ಆ ವಾಸನೆ. ಮುಗಿಸಿ ಬಚ್ಚಲಿಗೆ ಹೋಗಿ ಮೊಣಕೈ ತನಕ ತಿಕ್ಕಿ ತೊಳೆದರೂ ರಾತ್ರಿ ತುತ್ತಿನಲ್ಲಿ ಅದೇ ವಾಸನೆ ಬರುತ್ತಿತ್ತು. ನಾದಿನಿ ನನ್ನ ಮುಖವನ್ನೇ ನೋಡುತ್ತ ಕೂಡುತ್ತಿದ್ದಳು.

“ವಾಂತಿ ಬರಾಕತ್ತದೇನು ವೈನಿ?”

“ಬಂದದ. ನುಂಗೇನಿ.”

“ಶಾಬಾಸ್.”

ಒಂದು ದಿನ ಪಟ್ಟಿ ಬಿಚ್ಚಿದಾಗ ತೂತಿನ ಅಂಚು ಬೇರೆಯಾಗಿತ್ತು. ಬೆಳೆದಿತ್ತು. ಹೂಕೋಸಿನ ಹಾಗೆ ಸಣ್ಣ ಸಣ್ಣ ಬಿಳಿ ಗುಬ್ಬಿಗಳು ಎದ್ದು, ಮುಟ್ಟಿದರೆ ರಕ್ತ. ಆ ದಿನದಿಂದ ನಮ್ಮ ಅಡಿಗೆಮನೆಗೆ ಹೂಕೋಸು ಬಂದಿಲ್ಲ. ಸೋಲಾಪುರದ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಇದು ಇನ್ನು ನಾಸೂರ ಅಲ್ಲ ಅಂದರು. ಬಹಳ ವರ್ಷ ಸೋರಿದ ಹುಣ್ಣಿನಲ್ಲಿ ಹೀಗೆ ಕ್ಯಾನ್ಸರ್ ಹುಟ್ಟುವುದುಂಟಂತೆ. ಮೊಣಕಾಲ ಮೇಲೆ ತೆಗೆಯಬೇಕು, ಬೇಗ ತೆಗೆದಷ್ಟೂ ಜೀವಕ್ಕೆ ಒಳ್ಳೆಯದು, ತಡ ಮಾಡಿದರೆ ಕಾಲು ತೆಗೆದೂ ಉಪಯೋಗವಿಲ್ಲ. ಅವರು ಸ್ಪಷ್ಟವಾಗಿಯೇ ಹೇಳಿದರು. ನಮ್ಮ ಮನೆಯವರೂ ಕೇಳಿಸಿಕೊಂಡರು.

ಮನೆಗೆ ಬಂದ ಮೇಲೆ ತಂಗಿಯ ಪಕ್ಕದಲ್ಲಿ ಕೂತು, ತಲೆ ನೇವರಿಸಿ, ಬಹಳ ಮೆತ್ತಗೆ ಹೇಳಿದರು. “ಸ್ವಲ್ಪ ತಡಿಯವ್ವಾ. ಹುಡುಗೀದೊಂದು ಆಗಿ ಹೋಗಲಿ.”

ಹುಡುಗಿ ಅಂದರೆ ನಮ್ಮ ಮಗಳು. ಬಸವಕಲ್ಯಾಣದ ಒಂದು ಮನೆತನದ ಜೊತೆ ಮಾತು ನಡೆದಿತ್ತು. ಕೊಹಿನೂರು ಅನ್ನುವ ಹಳ್ಳಿಯ ಕಡೆ ಅವರಿಗೆ ಹೊಲ, ಬಸವಕಲ್ಯಾಣದಲ್ಲಿ ಮನೆ, ಅಂಗಡಿ. ಇನ್ನೂ ಹುಡುಗಿಯನ್ನು ನೋಡಲಿಕ್ಕೇ ಬಂದಿರಲಿಲ್ಲ. ಅದರ ನಡುವೆ ಸೋದರತ್ತೆಯ ಕಾಲು ತೆಗೆಸಿದರೆ ಯಾಕೆ, ಏನು, ಮನೆತನದಲ್ಲಿ ಇಂಥದ್ದು ಇದೆಯೇ ಅಂತ ಕೇಳುತ್ತಾರೆ.

“ಎಷ್ಟ ತಡೀಬೇಕ್ರಿ?” ಅಂತ ನಾನು ಕೇಳಿದೆ.

“ನೋಡೂದು, ಮಾತಾಡೂದು, ಮದಿವಿ. ಆರ ತಿಂಗಳ ಅಂತ ಹಿಡಿ.”

“ಡಾಕ್ಟರು ಏನ್ ಹೇಳಿದ್ರು?”

“ಡಾಕ್ಟರು ಹಂಗ ಹೇಳತಿರ್ತಾರ.”

ಇಷ್ಟನ್ನೂ ಅವರು ತಂಗಿಯ ತಲೆ ನೇವರಿಸುತ್ತಲೇ ಹೇಳಿದರು. ಅವಳ ಹುಣ್ಣಿನ ಮೇಲೆ ಬಗ್ಗಿ ಎಷ್ಟೋ ಸಲ ಕೂತಿದ್ದೇನೆ, ಆದರೆ ಆ ಕೈಯನ್ನು ನೋಡಿದಾಗ ಬಂದಷ್ಟು ಹೇಸಿಗೆ ಯಾವತ್ತೂ ಬಂದಿಲ್ಲ. ಅದಕ್ಕಿಂತ ಅಸಹ್ಯ, ನಾದಿನಿ “ಆಗಲಿ ಅಣ್ಣಾ” ಅಂದದ್ದು.

ಎರಡು ದಿನ ಪಡಸಾಲೆಯಿಂದ ಸದ್ದು ಬರಲಿಲ್ಲ. ಮೂರನೆಯ ದಿನ ರವಿವಾರ. ಅವಳು ನನ್ನನ್ನು ಕರೆದಳು. ಸೋಲಾಪುರದಲ್ಲಿ ತೆಗೆಸಿದ ಎಕ್ಸ್‌ರೇಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ್ದಳು, ಹಿಂದಿನಿಂದ ಬಿಸಿಲು ಬೀಳುವ ಹಾಗೆ. ಕೆಳಗೆ ಗೋಣಿತಟ್ಟಿನ ಮೇಲೆ ಎರಡು ಎಲುಬು. ಒಂದು ಆ ಮೋರಿಬಾಯಿಯದು. ಇನ್ನೊಂದು ಹೊಸದಾಗಿ ಬಂದ ಡಬ್ಬಿಯದು, ಒಂದು ಕಡೆ ಹುಳ ತಿಂದ ಬದನೆಕಾಯಿಯ ಹಾಗೆ ಒರಟು ಕುಳಿ.

“ಇದು ನೋಡು,” ಅಂದಳು ಮೊದಲನೆಯದನ್ನು ಎತ್ತಿ. “ತೂತಿನ ಸುತ್ತ ಎಲುಬು ಕಟ್ಟಿ ಕಟ್ಟಿ ದಪ್ಪ ಆಗ್ಯಾದ. ಅಂದ್ರ ಟೈಮ್ ಸಿಕ್ಕದ ಇದಕ್ಕ. ಕೀವು ಸೋರಕೋತ, ಕುಂಟಕೋತ, ವರ್ಷಗಟ್ಟಲೆ ನಡದದ, ಮೇದದ. ನನ್ನ ಕಾಲೂ ಹಿಂಗ ಇತ್ತು. ಹಳೇ ಎಕ್ಸ್‌ರೇದಾಗ ಹಿಂಗ ಕಾಣ್ತಿತ್ತು.” ಎರಡನೆಯದನ್ನು ಎತ್ತಿದಳು. “ಈಗ ಇದು. ಸುತ್ತ ಏನೂ ಕಟ್ಟಿಲ್ಲ. ಬರೇ ತಿಂದದ. ಕ್ಯಾನ್ಸರ್ ಗಡ್ಡಿ ಇರಬಹುದು ಅಂತಾರ ಸಾಹೇಬರು, ಖಾತ್ರಿ ಇಲ್ಲ. ಈಗ ಅಲ್ಲಿ ನೋಡು.”

ಕಿಟಕಿಯ ಎಕ್ಸ್‌ರೇಯಲ್ಲಿ ಅವಳ ಕಾಲಿನ ಎಲುಬು. ಬದಿಗೆ ಕಚ್ಚಿ ತೆಗೆದ ಹಾಗೆ ಕಪ್ಪು. ನನಗೂ ಕಂಡಿತು.

“ಆ ಪ್ರಾಣಿ ಎಷ್ಟ ದಿವಸ ಬದುಕಿತ್ತು?” ಅಂತ ಕೇಳಿದೆ.

“ಕಟ್ಟಾಕ ಟೈಮ್ ಸಿಕ್ಕಿಲ್ಲ ಅಂತ ಹೇಳಾಕತ್ತೇನಲ್ಲ ವೈನಿ.”

ಎಲುಬನ್ನು ಗೋಣಿತಟ್ಟಿನ ಮೇಲೆ ಇಟ್ಟು, “ಆರ ತಿಂಗಳ ನಂಗ ಆಗಂಗಿಲ್ಲ. ಅಣ್ಣಗ ನಾನ ಹೇಳ್ತೀನಿ,” ಅಂದಳು.

ಹೇಳಿದಳು. ಅವರು ಮತ್ತೆ ಮೆತ್ತಗೆ, ಬರುವ ವಾರ ಬಸವಕಲ್ಯಾಣದವರು ನೋಡಲಿಕ್ಕೆ ಬರುತ್ತಾರೆ, ಅದೊಂದು ಮುಗಿಯಲಿ, ಆಮೇಲೆ ಕೂತು ಮಾತಾಡೋಣ ಅಂದರು. ಆಮೇಲಿನ ಮಾತು ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಹುಡುಗಿ ಒಪ್ಪಿಗೆಯಾದರೆ ಮದುವೆ ಮುಗಿಯಲಿ ಅನ್ನುತ್ತಾರೆ. ಮದುವೆ ಮುಗಿದರೆ ಮಗಳು ತವರಿಗೆ ಬರುವ ಮೊದಲ ನಾಗರಪಂಚಮಿ ಅನ್ನುತ್ತಾರೆ. ಹೂಕೋಸು ಅಷ್ಟರಲ್ಲಿ ತೊಡೆ ತನಕ ಬೆಳೆದಿರುತ್ತದೆ.

ಅವರು ಬಂದ ದಿನ ಅತ್ತೆ ಯಾರಿಗೂ ಹೇಳದೆ ಊದುಬತ್ತಿಯ ಕಟ್ಟು ತೆಗೆದರು. ಮೂವತ್ತು ವರ್ಷದ ಮೇಲೆ ಅದೇ ಚಂದನ, ಅದೇ ಮೂಲೆಗಳು. ನಾದಿನಿಯನ್ನು ಪಡಸಾಲೆಯಲ್ಲಿ ಕೂಡಿಸಿ ನಡುಬಾಗಿಲು ಹಾಕಿದರು. ಹಾಲಿನಲ್ಲಿ ಗಂಡಿನ ತಾಯಿ, ಇಬ್ಬರು ಹಿರಿಯರು. ತಾಯಿ ಬಹಳ ಶಿಸ್ತಿನವರು, ಇಸ್ತ್ರಿಯ ಸೀರೆ, ಕೈಯಲ್ಲಿ ಮಡಿಸಿದ ಕರ್ಚೀಫು. ಫ್ರಾಂಕ್ಲಿ, ನೋಡಿದ ಕೂಡಲೇ ನನಗೆ ಹಿಡಿಸಿದ್ದರು. ಚುರುಮುರಿಯ ಸುಸಲಾ ಕೊಟ್ಟೆ, ಮಿರ್ಚಿ ಕೊಟ್ಟೆ. ಮಗಳು ಬಂದು ಕೂತಳು. ಮಾತು ಚೆನ್ನಾಗಿಯೇ ನಡೆದಿತ್ತು.

ಆಗ ಹಿಂದಿನಿಂದ ಕರ್, ಕರ್, ಕರ್.

“ಅದೇನ್ರಿ ಸಪ್ಪಳ?” ಅಂದರು ಗಂಡಿನ ತಾಯಿ. “ಯಾರೋ ಏನೋ ಕೆರಿಯಾಕತ್ತಾರ.”

“ಇಲಿ ಇರಬೇಕ್ರಿ,” ಅಂದರು ನಮ್ಮ ಮನೆಯವರು.

ನಮ್ಮ ಮಗಳಿಗೆ ಸುಳ್ಳು ಬರುವುದಿಲ್ಲ, ಅಥವಾ ಅಪ್ಪನ ಸುಳ್ಳು ತಿಳಿಯಲಿಲ್ಲ. “ಇಲಿ ಅಲ್ರಿ, ನಮ್ಮ ಅತ್ಯಾ ಅದಾರ. ಅವ್ರು ಡೈನಾಸೂರ್...”

“ಇಲ್ಲ, ಇಲ್ಲ.” ಅತ್ತೆ ಮೂಲೆಯಿಂದ ಎದ್ದೇ ಬಿಟ್ಟರು. “ನಮ್ಮ ಮನ್ಯಾಗ ಯಾರಿಗೂ ನಾಸೂರ ಇಲ್ಲ. ದಾಯಂ ನಾಸೂರ ಅಂತೂ ಇಲ್ಲೇ ಇಲ್ಲ. ಆಕಿ ಬ್ಯಾಂಕಿನಾಗ ಇದ್ದಾಕಿ. ಕಾಲು ಬರೇ ಉಳುಕ್ಯಾದ.”

ಗಂಡಿನ ತಾಯಿಯ ಚಮಚ ಸುಸಲಾದ ತಟ್ಟೆಯ ಮೇಲೆ ನಿಂತಿತು. ಅವರ ಮೂಗು ಸಣ್ಣಗೆ ಅರಳಿದ್ದನ್ನು ನಾನು ನೋಡಿದೆ. ಇಷ್ಟು ಹೊತ್ತು ಚಂದನವನ್ನಷ್ಟೇ ಮೂಸಿದ್ದ ಮೂಗು ಅದರ ಅಡಿಯದನ್ನು ಹಿಡಿಯಿತು.

“ಅದಕ್ಕೇನ್ರಿ ಇಷ್ಟ ಊದಬತ್ತಿ,” ಅಂದರು.

ನಡುಬಾಗಿಲು ತೆರೆಯಿತು. ನಾದಿನಿ ಗೋಡೆ ಹಿಡಿದು ನಿಂತಿದ್ದಳು, ಬೆರಳುಗಳಿಗೆಲ್ಲ ಕಲ್ಲಿನ ಬಿಳಿ ಪುಡಿ. “ನಂದೇ ವಾಸನಿ ಅದರಿ. ಸಣ್ಣಾಕಿದ್ದಾಗ ಕಾಲ ಮ್ಯಾಲ ಬಂಡಿ ಹಾಯ್ದದ. ವಂಶದಾಗ ಬಂದದ್ದಲ್ಲ, ಹುಡುಗಿಗೆ ಏನೂ ಇಲ್ಲ. ಈಗ ಅದು ಕೆಟ್ಟದ. ಸೋಲಾಪುರಕ್ಕ ತಗಸಾಕ ಹೋಗಾಕತ್ತೇನಿ. ನೀವು ಚಹಾ ತಗೋರಿ, ಆರ್ತದ.”

ಅವರು ಚಹಾ ತೆಗೆದುಕೊಳ್ಳಲಿಲ್ಲ. ನಾನು ಕುಂಕುಮ ಹಚ್ಚಿದೆ, ಹಚ್ಚಿಸಿಕೊಂಡರು. ಉಡಿ ತುಂಬಲಿಕ್ಕೆ ಹೋದರೆ ಇನ್ನೊಮ್ಮೆ ಬರ್ತೀವಲ್ಲ ಅಂದರು. ಹೊರಗಿನ ಮೆಟ್ಟಿಲ ಮೇಲೆ ನಿಂತು, ನನ್ನ ಕೈ ತಾಗಿದ್ದ ಹಣೆಯನ್ನು ಬಿಟ್ಟು ಉಳಿದದ್ದೆಲ್ಲ, ಅಂಗೈ, ಬೆರಳು, ಬೆರಳ ಸಂದಿ, ಆ ಶುಭ್ರವಾದ ಕರ್ಚೀಫಿನಿಂದ ಒರೆಸಿಕೊಂಡರು. ನಾನು ಬಸ್ಸಿನ ಸೀಟು ಒರೆಸುವುದು ಹಾಗೆಯೇ. ನಮ್ಮ ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ನನಗೆ ಅವರ ಬೆನ್ನಿಗೆ ಉಗುಳಬೇಕು ಅನ್ನಿಸಿತು.

ಅವರಿಂದ ಮತ್ತೆ ಮಾತು ಬರಲಿಲ್ಲ. ಮಗಳಿಗೆ ಮುಂದೆ ಒಳ್ಳೆಯ ಮನೆಯೇ ಸಿಕ್ಕಿತು, ಅದು ಬೇರೆ. ನಮ್ಮ ಮನೆಯವರಿಗೆ ಕಾಯಲಿಕ್ಕೆ ಇನ್ನು ಕಾರಣ ಉಳಿದಿರಲಿಲ್ಲ. ಬೆಳಿಗ್ಗೆ ಅವರೇ ಹೋಗಿ ಜೀಪು ಕರೆದುಕೊಂಡು ಬಂದರು.

ಕಾಲು ತೆಗೆದರು. ಎಚ್ಚರವಾದ ಮೇಲೆ ಅವಳು ಕೇಳಿದ ಮೊದಲ ಮಾತು, “ಎಲ್ಲದ?” ಆಸ್ಪತ್ರೆಯವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಣ್ಣನ ಕೈಗೆ ಕೊಟ್ಟಿದ್ದರು. ಅವರು ಅದನ್ನು ಊರಿಗೆ ತಂದು, ಒಂದು ಚೀಲ ಉಪ್ಪು ಹಾಕಿ, ಹೊಲದ ಬದುವಿನಲ್ಲಿ ಹೂತಿದ್ದರು. ಹೂತು ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ ಅವರಿಗೆ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

“ನಂಗ ಬೇಕಿತ್ತು ಅಣ್ಣಾ,” ಅಂದಳು ನಾದಿನಿ. “ಆ ಡಬ್ಬಿ ಎಲುಬು, ನಂದು, ಎರಡೂ ಬಾಜೂಕಬಾಜೂ ಇಟ್ಟು ನೋಡೂದಿತ್ತು.”

ಅವರು ಎದ್ದು ಹೊರಗೆ ಹೋದರು. ನಾನು ಅವಳ ಬಾಯಿ ಮುಚ್ಚಿದೆ. ಬೆರಳಿನ ನಡುವಿನಿಂದ ಇನ್ನೂ ಹೇಳುತ್ತಿದ್ದಳು, “ಎಷ್ಟ ಆಳ ಹೂತಾನ ಕೇಳು ವೈನಿ. ಇರ್ಲಿ ಬಿಡು, ಮುಂದ ಯಾರರೆ ತಗದು ಕೆರೀತಾರ.”

ಮನೆಗೆ ಬಂದ ಮೇಲೆ ಓಣಿಯ ಸಿಂಪಥಿ ಶುರುವಾಯಿತು. ಬಾಳೆಹಣ್ಣಿನ ಗೊನೆ ಹಿಡಿದು ಬರುವುದು, ಪಾಪ ಅನ್ನುವುದು, ಹೊದಿಕೆಯ ಕೆಳಗೆ ಎಲ್ಲಿಯ ತನಕ ಇದೆ ಅಂತ ಕಣ್ಣು ಹಾಯಿಸುವುದು. ನೋಡಬಹುದೇನು ಅಂತ ಬಾಯಿಬಿಟ್ಟು ಕೇಳಿದವರೂ ಇದ್ದರು. ಅವರು ಹೋದ ಮೇಲೆ ಕಪ್ಪುಗಳನ್ನು ನಾನು ಬೂದಿ ಹಾಕಿ ತಿಕ್ಕಿದ್ದೇನೆ. ಅತ್ತೆಯ ಚಿಂತೆ ಬೇರೆಯೇ ಇತ್ತು. ಮಗಳ ಹತ್ತಿರ ಬಂದು ಗುಟ್ಟಾಗಿ ಕೇಳಿದರು, “ಈಗ ನಾಸೂರ ಹೋತು. ಆ ಆಫೀಸಿನವರು ನಿನ್ನ ಪಿಂಚಣಿ ನಿಲ್ಲಸಂಗಿಲ್ಲೇನು?”

“ಸ್ವಲ್ಪ ಉಳದದ ಅಂತ ಹೇಳ್ತೀನಿ ಬಿಡವ್ವಾ,” ಅಂದಳು ಇವಳು.

ಅದು ತಮಾಷೆಯ ಮಾತು. ನಾನೂ ನಕ್ಕಿದ್ದೆ. ಆಮೇಲೆ ಕೆಲವು ವರ್ಷ ಅವಳು ಕಂಕುಳಲ್ಲಿ ಕೋಲು ಹಿಡಿದು ಓಡಾಡಿದಳು, ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತು ಕರ್ ಕರ್ ಅಂತ ಕೆರೆದಳು, ಡಬ್ಬಿಗಳು ಬಂದವು, ಹೋದವು. ಅತ್ತೆ ತೀರಿಕೊಂಡರು, ಮಗಳ ಆಫೀಸಿನ ಹೆಸರು ಮತ್ತೆ ಬಾಯಿಂದ ಬಾರದ ಹಾಗೆ ನೋಡಿಕೊಂಡೇ. ನಾನು ರಿಟೈರ್ ಆದೆ. ಆ ಸದ್ದಿಗೆ ನನಗೆ ಕೊನೆಯ ತನಕ ಅಭ್ಯಾಸವಾಗಲಿಲ್ಲ.

ಒಂದು ಸ್ನಾನದ ದಿನ ಅವಳ ತೊಡೆಸಂದಿನಲ್ಲಿ ನನ್ನ ಕೈಗೆ ಗಂಟು ತಾಗಿತು. ಅಡಿಕೆಯಷ್ಟು, ಗಟ್ಟಿ. ಅವಳು ಅದನ್ನು ತಾನೂ ಒಮ್ಮೆ ಮುಟ್ಟಿ ನೋಡಿಕೊಂಡು, “ಹೈದರಾಬಾದಿಗೆ ಹೋಗಿ ತೋರಸ್ತೀನಿ. ಡಬ್ಬೀನೂ ಸಾಹೇಬರಿಗೆ ಮುಟ್ಟಿಸಿದಂಗ ಆಗ್ತದ,” ಅಂದಳು. ಜೊತೆಗೆ ಬರುತ್ತೇನೆ ಅಂದರೆ ಬೇಡವೆಂದಳು, ಅಲ್ಲಿ ಹಳೆಯ ಗೆಳತಿಯರು ಇದ್ದಾರೆ, ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾರೆ ಅಂತ. ಅಲ್ಲಿಂದ ಬಂದದ್ದು ಫೋನುಗಳಷ್ಟೇ. ಕೊನೆಯದು ಗೆಳತಿಯ ಫೋನು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅವರು ಮುಖ ಮುಚ್ಚಿಬಿಟ್ಟಿದ್ದರು. ಅದನ್ನು ನಾನು ನೋಡಿದ್ದು ಅಂತ ಹಿಡಿಯುವುದಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ಬಂದಿತ್ತು. ಹತ್ತಿಸಿ, ಕಿಟಕಿಯ ಸೀಟನ್ನು ನನ್ನ ಕರ್ಚೀಫಿನಿಂದ ಒರೆಸಿ ಕೂಡಿಸಿದೆ. ಕಟ್ಟಿಗೆಯ ಡಬ್ಬಿಯನ್ನು ಬೇರೆಯವರ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಳು. ಇರುವ ಒಂದೂವರೆ ತೊಡೆಯ ಮೇಲೆ ಅದು ವಾಲುತ್ತಿತ್ತು. ನಾನು ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಕಂಡಕ್ಟರ್ ಬಂದು ಡಬ್ಬಿಯ ಮೇಲೆ ಕೈ ಇಟ್ಟು ಅಲುಗಿಸಿದ.

“ಇದು ಮ್ಯಾಲ ಇಡ್ರಿ ಅಮ್ಮಾರ. ಏನದರಿ ಒಳಗ, ಇಷ್ಟ ವಜ್ಜಿ?”

“ನಾಸೂರ ಅದರಿ,” ಅಂದಳು ನಾದಿನಿ.

ಕಂಡಕ್ಟರ್ ಅವಳ ಸೀರೆಯ ಖಾಲಿ ಮಡಿಕೆಯನ್ನು ನೋಡಿದ, ಡಬ್ಬಿಯನ್ನು ನೋಡಿದ, ಕೈಯನ್ನು ಸರ್ರನೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ನಾದಿನಿ ಸರಿದು, ಇಬ್ಬರ ಜಾಗದಲ್ಲಿ ಆರಾಮಾಗಿ ಕೂತು, ಡಬ್ಬಿಯನ್ನು ಪಕ್ಕಕ್ಕೆ ಇಟ್ಟುಕೊಂಡು, ಕಿಟಕಿಯಿಂದ ನನ್ನ ಕಡೆ ತಿರುಗಿದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಬಸ್ಸು ಹೊರಟಿತು.